ಎಚ್ಚರಿಕೆ ಬಂದಿದೆ, ಎಲ್ಲರೂ ಮನೆಯಲ್ಲೇ ಕೂತಿದ್ದೇವೆ. ಈಗೇನು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದವು. ಚಂಡಮಾರುತವೋ ನೆರೆಯೋ ಬರುತ್ತದೆ ಎಂದು ಫೋನು ಕಿರುಚಿದೆ, ಟೀವಿಯಲ್ಲಿ ನಕ್ಷೆ ಕೆಂಪಾಗಿದೆ, ಮನೆಮಂದಿಯೆಲ್ಲ ಬಾಗಿಲು ಹಾಕಿಕೊಂಡು ಒಂದೇ ಕೋಣೆಯಲ್ಲಿ ಕೂತಿದ್ದಾರೆ, ಆದರೆ ಇನ್ನೂ ಏನೂ ಆಗಿಲ್ಲ. ಈ 'ಇನ್ನೂ ಏನೂ ಆಗಿಲ್ಲ' ಅನ್ನುವ ಹೊತ್ತಿದೆಯಲ್ಲ, ಜಗಳ, ಭಯ, ಬೇಸರ, ಆಕಳಿಕೆ ಎಲ್ಲ ಒಟ್ಟಿಗೆ ಬರುವುದು ಆಗಲೇ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವನ್ನೇ ಎತ್ತಿಕೊಂಡಿದ್ದೇನೆ. (ಕೂದಲು ಉದುರುವ ಬಗ್ಗೆ ಕೇಳಿದವರು ಮುಂದಿನ ಸಂಚಿಕೆವರೆಗೆ ತಾಳಿ. ಅಷ್ಟರಲ್ಲಿ ಪೂರ್ತಿ ಉದುರುವುದಿಲ್ಲ.)

ಪ್ರಶ್ನೆ: ಚಂಡಮಾರುತದ ಎಚ್ಚರಿಕೆ ಬಂದ ದಿನ ನಾನು ಬ್ಯಾಗು ತುಂಬಿ, ನೀರು ಹಿಡಿದಿಟ್ಟು, ಮಕ್ಕಳ ಶೂಗಳನ್ನು ಮಂಚದ ಪಕ್ಕದಲ್ಲೇ ಇಟ್ಟು ಮಲಗಿಸಿದೆ. ಮಾವನವರು 'ಇಂಥವು ಎಷ್ಟು ನೋಡಿಲ್ಲ ನಾನು' ಎಂದು ನಕ್ಕರು, ಮನೆ ಬಿಟ್ಟು ಒಂದು ಹೆಜ್ಜೆಯೂ ಇಡುವುದಿಲ್ಲ ಎಂದರು. ನಮ್ಮ ಯಜಮಾನರು ರಾತ್ರಿಯಿಡೀ ಫೋನು ಉಜ್ಜುತ್ತಾ ಕೂತರು. ಬೆಳಗ್ಗೆ ನೋಡಿದರೆ ನಾಲ್ಕು ಹನಿ ಮಳೆ. ಗಾಳಿ ಬೇರೆ ಕಡೆ ತಿರುಗಿತಂತೆ. ಈಗ ಮನೆಗೆ ಯಾರು ಬಂದರೂ ನನ್ನ ಬ್ಯಾಗಿನ ಕಥೆಯೇ ತಮಾಷೆ. ನಾನು ಅತಿಯಾಗಿ ಆಡಿದೆನಾ?

ಉತ್ತರ: ಇಲ್ಲಮ್ಮ. ಅದರಲ್ಲೂ ಆ ಶೂ ವಿಷಯಕ್ಕೆ ನಿಮಗೆ ಪೂರ್ತಿ ಅಂಕ. ಗಾಳಿ ನಿಂತ ಮೇಲೆ ಕತ್ತಲಲ್ಲಿ ಬರಿಗಾಲಲ್ಲಿ ಒಡೆದ ಗಾಜಿನ ಮೇಲೆ ನಡೆದು ಕಾಲು ಸೀಳಿಕೊಳ್ಳುವವರು ಬಹಳ.

ಮೊದಲು ಆ ನಕ್ಷೆಯ ವಿಷಯ. ಟೀವಿಯಲ್ಲಿ ಚಂಡಮಾರುತದ ದಾರಿ ತೋರಿಸುವಾಗ ಮುಂದೆ ಹೋಗುತ್ತಾ ಅಗಲವಾಗುವ ಒಂದು ಕೊಳವೆ ಬಿಡಿಸುತ್ತಾರಲ್ಲ, ಅದನ್ನು ಎಲ್ಲರೂ ಚಂಡಮಾರುತದ ಗಾತ್ರ ಅಂದುಕೊಳ್ಳುತ್ತಾರೆ. ಅಲ್ಲ. ಅದರ ನಡುಬಿಂದು ಎಲ್ಲೆಲ್ಲಿ ಹೋಗಬಹುದು ಎಂಬ ಅಂದಾಜು ಅದು. ಅಮೆರಿಕದ ಹರಿಕೇನ್ ಕೇಂದ್ರದವರು ಬಿಡಿಸುವ ಕೊಳವೆಯೊಳಗೆ ನಡುಬಿಂದು ಉಳಿಯುವುದು ಸುಮಾರು ಮೂರರಲ್ಲಿ ಎರಡು ಸಲ ಮಾತ್ರ, ಉಳಿದ ಒಂದು ಸಲ ಹೊರಗೆ ಹೋಗುತ್ತದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಹಾಗಾಗಿ ನಿಮ್ಮ ಮನೆ ತಪ್ಪಿಸಿ ಹೋದದ್ದಕ್ಕೆ ಎಚ್ಚರಿಕೆ ಸುಳ್ಳಾಯಿತು ಎನ್ನಲಾಗದು. ಅದು ಇನ್ಯಾರದೋ ಮನೆ ಮೇಲೆ ಹೋಯಿತು ಅಷ್ಟೇ.

ಮಾವನವರ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ, ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಎಷ್ಟೋ ನೋಡಿದ್ದಾರೆ. ತೊಂದರೆ ಏನೆಂದರೆ ನೋಡಿದವುಗಳಲ್ಲಿ ಅವರು ಬದುಕಿ ಉಳಿದಿದ್ದಾರೆ, ಹಾಗಾಗಿ ಇನ್ನು ಮುಂದೆ ಬರುವುದೂ ಅಷ್ಟೇ ಇರುತ್ತದೆ ಅನ್ನಿಸುತ್ತದೆ. 2013ರ ನವೆಂಬರಿನಲ್ಲಿ ಫಿಲಿಪ್ಪೀನ್ಸಿನ ಟಕ್ಲೋಬಾನ್ ಊರಿನಲ್ಲಿ ಇದೇ ಆಯಿತು. ಆ ದೇಶದವರಿಗೆ ಚಂಡಮಾರುತ ಹೊಸದೇನಲ್ಲ, ವರ್ಷವೂ ಬರುತ್ತದೆ. ಗಾಳಿಗೆ ಎಲ್ಲರೂ ತಯಾರಾಗಿದ್ದರು. ಆದರೆ ಹೈಯಾನ್ ಚಂಡಮಾರುತ ಕಡಲನ್ನೇ ಎತ್ತಿಕೊಂಡು ಊರೊಳಗೆ ತಂದಿತು. ಎಚ್ಚರಿಕೆಯಲ್ಲಿ 'ಸ್ಟಾರ್ಮ್ ಸರ್ಜ್' ಎಂದು ಹೇಳಿದ್ದರು, ಅದು ಹೇಳಿದ್ದೇನು ಎಂಬುದೇ ಬಹಳ ಜನಕ್ಕೆ ಗೊತ್ತಾಗಲಿಲ್ಲ. ಸುನಾಮಿಯಂತೆ ನೀರು ನುಗ್ಗುತ್ತದೆ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕಿದವರು ಆಮೇಲೆ ಹೇಳಿದರು. ಚಂಡಮಾರುತದಲ್ಲಿ ಗಾಳಿಗಿಂತ ಜಾಸ್ತಿ ಜನರನ್ನು ಕೊಲ್ಲುವುದು ನೀರು.

ಇನ್ನು ಬ್ಯಾಗಿನ ಕಥೆಗೆ ನಗುವವರಿಗೆ ಒಡಿಶಾದ ಎರಡು ಅಕ್ಟೋಬರ್ ನೆನಪಿಸಿ. 1999ರ ಮಹಾ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಮೊದಲೇ ಹತ್ತು ಲಕ್ಷದಷ್ಟು ಜನರನ್ನು ಕಡಲಂಚಿನಿಂದ ಎಬ್ಬಿಸಿ ಕಳಿಸಿದ್ದರು, ಸತ್ತವರ ಸಂಖ್ಯೆ ಎರಡಂಕಿಯಲ್ಲೇ ನಿಂತಿತು. ಹಾಗೆ ಹೊರಟವರಲ್ಲಿ ಎಷ್ಟೋ ಜನರ ಮನೆಗೆ ಹೆಂಚು ಕೂಡ ಹಾರಿರಲಿಕ್ಕಿಲ್ಲ. ಅವರನ್ನೂ ಯಾರಾದರೂ ನಕ್ಕಿರಬಹುದು. ನಗಲಿ ಬಿಡಿ.

ಮುಂದಿನ ಸಲಕ್ಕೆ ಒಂದು ಮಾತು. ಮಾವನವರ ಹತ್ತಿರ 'ಬರುತ್ತದೆ, ಬರಲ್ಲ' ಎಂದು ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. 'ಮಾವ, ನೀರು ಎಲ್ಲಿಗೆ ಬಂದರೆ ನಾವು ಹೊರಡೋಣ, ನೀವೇ ಹೇಳಿ' ಎಂದು ಕೇಳಿ. ಬಿಸಿಲಿರುವಾಗಲೇ ಕೇಳಿ. ಅವರು ಹೇಳಿದ್ದನ್ನು ಅವರ ಕೈಯಲ್ಲೇ ಗುರುತು ಹಾಕಿಸಿ. ರಾತ್ರಿ ಎರಡು ಗಂಟೆಗೆ, ಕರೆಂಟಿಲ್ಲದೆ, ಮಕ್ಕಳು ಅಳುತ್ತಿರುವಾಗ ಯಾರೂ ನೆಟ್ಟಗೆ ಯೋಚನೆ ಮಾಡುವುದಿಲ್ಲ. ಆಗ ಯೋಚನೆ ಮಾಡುವ ಪ್ರಮೇಯವೇ ಬರಬಾರದು, ಮೊದಲೇ ಮಾಡಿಟ್ಟದ್ದನ್ನು ನೋಡಿಕೊಂಡು ಎದ್ದರೆ ಸಾಕು. ಆದರೆ ಇದೆಲ್ಲ 'ಮನೆಯಲ್ಲೇ ಇರಿ' ಎಂದಿರುವಾಗ. ಅಧಿಕಾರಿಗಳೇ ಮನೆ ಖಾಲಿ ಮಾಡಿ ಎಂದರೆ ಗುರುತು ಗಿರುತು ಏನಿಲ್ಲ, ಹೊರಡುವುದೇ.

ಯಜಮಾನರಿಗೆ ಹೇಳಿ: ಚಂಡಮಾರುತದ ಪ್ರಕಟಣೆ ಸಾಮಾನ್ಯವಾಗಿ 3 ಅಥವಾ 6 ಗಂಟೆಗೊಮ್ಮೆ ಬರುತ್ತದೆ. ಆ ಹೊತ್ತಿಗೆ ನೋಡಿದರೆ ಸಾಕು. ನಡುವೆ ನೋಡುವುದೆಲ್ಲ ಅದೇ ಹಳೆಯದನ್ನು ಬೇರೆಯವರು ಕೂಗಿ ಹೇಳುವುದು. ಬ್ಯಾಟರಿ ಉಳಿಸಿಕೊಳ್ಳಲಿ, ಬೆಳಗಿನ ಜಾವಕ್ಕೆ ಬೇಕಾಗುತ್ತದೆ. ಕರೆ ಹೋಗದಿದ್ದಾಗಲೂ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತದೆ, ಅದೂ ನೆನಪಿರಲಿ.

ಪ್ರಶ್ನೆ: ಕಿಟಕಿ ಗಾಜಿಗೆ ಅಡ್ಡಡ್ಡ ಟೇಪ್ ಅಂಟಿಸಿದರೆ ಒಡೆಯುವುದಿಲ್ಲವಂತೆ, ಹೌದಾ? ಒಂದು ಕಿಟಕಿ ಸ್ವಲ್ಪ ತೆರೆದಿಟ್ಟರೆ ಒತ್ತಡ ಸಮ ಆಗಿ ಮನೆ ಉಳಿಯುತ್ತದೆ ಎಂದೂ ಹೇಳುತ್ತಾರೆ.

ಉತ್ತರ: ಎರಡೂ ತಪ್ಪು. ಟೇಪು ಗಾಜನ್ನು ಗಟ್ಟಿ ಮಾಡುವುದಿಲ್ಲ. ಒಡೆದಾಗ ಚೂರು ಚೂರಾಗುವ ಬದಲು ಟೇಪಿಗೆ ಅಂಟಿದ ದೊಡ್ಡ ದೊಡ್ಡ ತುಂಡುಗಳಾಗಿ ಒಳಗೆ ಹಾರಿ ಬರುತ್ತದೆ, ಅದು ಇನ್ನೂ ಕೆಟ್ಟದ್ದು. ಹೊರಗಿನಿಂದ ಹಲಗೆ ಹೊಡೆಯಲು ಆದರೆ ಹೊಡೆಯಿರಿ, ಇಲ್ಲವಾದರೆ ಪರದೆ ಎಳೆದು ಕಿಟಕಿಯಿಲ್ಲದ ಕೋಣೆಗೆ ಹೋಗಿ. ಇನ್ನು ಕಿಟಕಿ ತೆರೆಯುವುದೆಂದರೆ ಗಾಳಿಯನ್ನು ಕರೆದು ಒಳಗೆ ಕೂರಿಸಿಕೊಂಡಂತೆ, ಒಳಗೆ ಬಂದ ಗಾಳಿ ಛಾವಣಿಯನ್ನು ಕೆಳಗಿನಿಂದ ಎತ್ತುತ್ತದೆ.

ಪ್ರಶ್ನೆ: ನಾಲ್ಕು ಗಂಟೆ ಹೊಡೆದ ಗಾಳಿ ಒಮ್ಮೆಲೇ ನಿಂತಿತು, ಆಕಾಶವೂ ತಿಳಿಯಾಯಿತು. ಅಣ್ಣ ಬೈಕು ನೋಡಿಬರುತ್ತೇನೆ ಎಂದು ಹೊರಗೆ ಹೋದ, ಅಮ್ಮ ಕೂಗಿ ವಾಪಸ್ ಕರೆದರು. ಅವನು ಒಳಗೆ ಬಂದು ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು, ಈ ಸಲ ಹಿಂದಿನ ಬಾಗಿಲ ಕಡೆಯಿಂದ. ಇದು ಹೇಗೆ?

ಉತ್ತರ: ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ನೀವು ಚಂಡಮಾರುತದ ಕಣ್ಣಿನೊಳಗೆ ಕೂತಿದ್ದಿರಿ. ಅದು ದೊಡ್ಡ ಚಕ್ರದಂತೆ ಸುತ್ತುತ್ತಾ ಮುಂದೆ ಹೋಗುತ್ತದೆ, ನಡುವಿನಲ್ಲಿ ಸಾಮಾನ್ಯವಾಗಿ 30ರಿಂದ 65 ಕಿಲೋಮೀಟರ್ ಅಗಲದ ಜಾಗದಲ್ಲಿ ಗಾಳಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಆ ಕಣ್ಣಿನ ಸುತ್ತ ಇರುವ ಗೋಡೆಯಲ್ಲೇ ಗಾಳಿ ಎಲ್ಲಕ್ಕಿಂತ ಜೋರು. ಒಂದು ಕಡೆಯ ಗೋಡೆ ದಾಟಿದ ಮೇಲೆ ಕಣ್ಣು, ಕಣ್ಣು ಸರಿದ ಮೇಲೆ ಇನ್ನೊಂದು ಕಡೆಯ ಗೋಡೆ. ಚಕ್ರದ ಆಚೆ ಬದಿ ಆದ್ದರಿಂದ ಗಾಳಿ ಎದುರು ದಿಕ್ಕಿನಿಂದ ಬರುತ್ತದೆ. ಮೊದಲ ಸುತ್ತಿನಲ್ಲಿ ಬುಡ ಸಡಿಲವಾದ ಮರ, ಬಾಗಿದ ಕಂಬ, ಎದ್ದ ತಗಡು ಎಲ್ಲ ಎರಡನೇ ಸುತ್ತಿಗೆ ಕಾಯುತ್ತಾ ಇರುತ್ತವೆ. ಈ ಬಿಡುವು ಕೆಲವು ನಿಮಿಷ ಇರಬಹುದು, ಒಂದು ಗಂಟೆಯೂ ಇರಬಹುದು. ಗಾಳಿ ನಿಧಾನವಾಗಿ ಇಳಿದರೆ ಅದು ಹೋಗುತ್ತಿದೆ ಎನ್ನಬಹುದು, ಸ್ವಿಚ್ ಆರಿಸಿದ ಹಾಗೆ ನಿಂತರೆ ನಂಬಬೇಡಿ. ಬೈಕು ಎಲ್ಲಿಗೂ ಹೋಗುವುದಿಲ್ಲ. ಹೋದರೂ ಅಣ್ಣ ಹಿಡಿದು ನಿಲ್ಲಿಸಲು ಆಗುವುದಿಲ್ಲ.

ಪ್ರಶ್ನೆ: ಹಳದಿ, ಕಿತ್ತಳೆ, ಕೆಂಪು ಎಂದು ಬಣ್ಣ ಹೇಳುತ್ತಾರೆ, ಇಷ್ಟು ಮಿಲಿಮೀಟರ್ ಮಳೆ ಎನ್ನುತ್ತಾರೆ. ನಮಗೆ ತಲೆಗೆ ಹೋಗುವ ಹಾಗೆ ಹೇಳಿ.

ಉತ್ತರ: ಹಳದಿ ಎಂದರೆ ಗಮನ ಇರಲಿ. ಕಿತ್ತಳೆ ಎಂದರೆ ತಯಾರಾಗಿ. ಕೆಂಪು ಎಂದರೆ ಮಾಡಬೇಕಾದ್ದನ್ನು ಈಗಲೇ ಮಾಡಿ. ನಾವು ಮಾಡುವ ತಪ್ಪೇನೆಂದರೆ ಕೆಂಪು ಬಂದ ಮೇಲೆ ತಯಾರಾಗಲು ಶುರು ಮಾಡುತ್ತೇವೆ, ಟಾರ್ಚಿಗೆ ಸೆಲ್ ಇಲ್ಲ ಎಂದು ಆಗ ಗೊತ್ತಾಗುತ್ತದೆ.

ಮಿಲಿಮೀಟರ್ ಲೆಕ್ಕ ಬಹಳ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಭಾರತದ ಹವಾಮಾನ ಇಲಾಖೆ 24 ಗಂಟೆಯಲ್ಲಿ 204.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ನಿಮ್ಮ ತಾರಸಿ 100 ಚದರ ಮೀಟರ್ ಇದೆ ಅನ್ನಿ. ಅದೊಂದರ ಮೇಲೆಯೇ ಒಂದು ದಿನದಲ್ಲಿ 20,450 ಲೀಟರ್. ಪಕ್ಕದ ಮನೆಯದ್ದೂ ಅಷ್ಟೇ, ರಸ್ತೆಯದ್ದು ಬೇರೆ. ಎಲ್ಲ ಒಂದೇ ಚರಂಡಿಗೆ. ತಾರಸಿಯ ನೀರಿನ ಕೊಳವೆಯಲ್ಲಿ ಸಿಕ್ಕಿರುವ ಎಲೆ ಕಸ ತೆಗೆಯುವುದು ಹಳದಿ ಇರುವಾಗಲೇ ಮಾಡುವ ಕೆಲಸ.

ಪ್ರಶ್ನೆ: ಇವತ್ತು ರಾತ್ರಿ 2.15ಕ್ಕೆ ಭೂಕಂಪ ಎಂದು ಮೆಸೇಜ್ ಬಂತು. ನಾವು ಎಂಟು ಜನ, ಅಜ್ಜಿಯನ್ನೂ ಎತ್ತಿಕೊಂಡು, ಬೆಳಗಿನವರೆಗೆ ಬಯಲಲ್ಲಿ ಕೂತೆವು. ಅಜ್ಜಿಗೆ ಈಗ ನೆಗಡಿ. ಕಳಿಸಿದವನ ಮೇಲೆ ಸಿಟ್ಟು ಬರುತ್ತಿದೆ.

ಉತ್ತರ: ಬರಲೇಬೇಕು. ದಿನ, ಗಂಟೆ ಹೇಳಿ ಭೂಕಂಪದ ಎಚ್ಚರಿಕೆ ಕೊಡಲು ಪ್ರಪಂಚದಲ್ಲಿ ಯಾರಿಗೂ ಬರುವುದಿಲ್ಲ. 1975ರ ಫೆಬ್ರವರಿಯಲ್ಲಿ ಚೀನಾದ ಹೈಚೆಂಗಿನಲ್ಲಿ ಮೊದಲು ಸಣ್ಣ ಸಣ್ಣ ಕಂಪನಗಳು ಸಾಲಾಗಿ ಬಂದದ್ದರಿಂದ ಜನರನ್ನು ಹೊರಗೆ ಕಳಿಸಿದ್ದರು, ದೊಡ್ಡದು ಬಂದೇಬಿಟ್ಟಿತು. ಇನ್ನೇನು ಗುಟ್ಟು ಸಿಕ್ಕಿತು ಅಂದುಕೊಂಡರು. ಮರುವರ್ಷ ಜುಲೈನಲ್ಲಿ ಅದೇ ದೇಶದ ತಾಂಗ್‌ಶಾನಿನಲ್ಲಿ ಯಾವ ಸೂಚನೆಯೂ ಕೊಡದೆ ಬಂತು, ಸರ್ಕಾರಿ ಲೆಕ್ಕದಲ್ಲೇ 2 ಲಕ್ಷ 42 ಸಾವಿರ ಜನ ಸತ್ತರು. ಜಪಾನಿನಲ್ಲಿ ಫೋನಿಗೆ ಎಚ್ಚರಿಕೆ ಬರುತ್ತದಲ್ಲ, ಅದು ಭೂಮಿ ಅಲುಗಿದ ಮೇಲೆ ಬರುವುದು. ವೇಗದ ಸಣ್ಣ ಅಲೆ ಮೊದಲು ತಲುಪುತ್ತದೆ, ಹಾನಿ ಮಾಡುವ ಅಲೆ ಹಿಂದಿನಿಂದ ಬರುತ್ತದೆ, ಆ ನಡುವಿನ ಕೆಲವು ಸೆಕೆಂಡು ಸಿಗುತ್ತದೆ ಅಷ್ಟೇ. ಮೇಜಿನ ಕೆಳಗೆ ಹೋಗಲು ಸಾಕು, ಅಜ್ಜಿಯನ್ನು ಬಯಲಿಗೆ ಸಾಗಿಸಲು ಸಾಲದು. 2.15 ಎಂದು ಇಷ್ಟು ಕರಾರುವಾಕ್ಕಾಗಿ ಹೇಳಿದ್ದಾನೆ ಎಂದರೆ ಅದೇ ಸುಳ್ಳಿನ ಗುರುತು.

ಪ್ರಶ್ನೆ: ಮಕ್ಕಳ ಮುಂದೆ ಏನು ಹೇಳಬೇಕು, ಏನು ಮುಚ್ಚಿಡಬೇಕು? ನನ್ನ ಏಳು ವರ್ಷದ ಮಗಳು 'ನಾವೆಲ್ಲ ಸಾಯ್ತೀವಾ' ಎಂದು ಕೇಳಿದಾಗ ನನಗೆ ಬಾಯೇ ಬರಲಿಲ್ಲ.

ಉತ್ತರ: 'ಏನೂ ಆಗಲ್ಲ' ಎನ್ನಬೇಡಿ. ನೀವು ಬಾಗಿಲಿಗೆ ಮೂಟೆ ಒತ್ತರಿಸುವುದನ್ನು ಅವಳು ನೋಡಿದ್ದಾಳೆ, ಮಕ್ಕಳಿಗೆ ಕಣ್ಣಿದೆ. 'ಜೋರು ಗಾಳಿ ಬರುತ್ತದೆ, ಸದ್ದು ಜಾಸ್ತಿ ಆಗುತ್ತದೆ, ನಾವು ಇದೇ ಕೋಣೆಯಲ್ಲಿ ಇರುತ್ತೇವೆ, ನೀರು ಬಂದರೆ ಮೇಲೆ ಹೋಗುತ್ತೇವೆ' ಎಂದು ಮುಂದೇನು ಮಾಡುತ್ತೇವೆ ಎಂಬುದನ್ನು ಹೇಳಿ. ಆಮೇಲೆ ಒಂದು ಕೆಲಸ ಕೊಡಿ, ಆಟಕ್ಕಲ್ಲ, ನಿಜವಾದದ್ದು. ಟಾರ್ಚಿನ ಜವಾಬ್ದಾರಿ, ಇಲ್ಲವೇ ಅಜ್ಜನ ಮಾತ್ರೆ ಡಬ್ಬಿ, ಕನ್ನಡಕ, ಕಿವಿಯ ಮಶೀನು ಒಂದೇ ಚೀಲದಲ್ಲಿ ಇವೆಯಾ ನೋಡುವುದು. ಟೀವಿಯಲ್ಲಿ ಅದೇ ಕುಸಿದ ಮನೆಯನ್ನು ನೂರು ಸಲ ತೋರಿಸುತ್ತಾರೆ, ಅವಳಿಗೆ ನೂರು ಮನೆ ಕುಸಿದಂತೆ ಕಾಣುತ್ತದೆ, ಅದನ್ನು ಆರಿಸಿಬಿಡಿ.

ಮಕ್ಕಳಿಗೆ ಹೇಳಿದರೆ ಹೆದರುತ್ತಾರೆ ಎನ್ನುವವರಿಗೆ ಇಂಡೋನೇಷ್ಯಾದ ಸಿಮೆಲೂ ದ್ವೀಪದ ಉದಾಹರಣೆ ಕೊಡುತ್ತೇನೆ. ಅಲ್ಲಿ 1907ರಲ್ಲಿ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಆಗಿನಿಂದ ಅಜ್ಜಿಯರು ಅದನ್ನು ಕಥೆಯಾಗಿ ಹಾಡಾಗಿ ಮಕ್ಕಳಿಗೆ ಹೇಳುತ್ತಾ ಬಂದರು: ಭೂಮಿ ಜೋರಾಗಿ ಅಲುಗಿ ಕಡಲು ಹಿಂದೆ ಸರಿದರೆ ಗುಡ್ಡಕ್ಕೆ ಓಡು, ಅದರ ಹೆಸರು 'ಸ್ಮೋಂಗ್'. 2004ರ ಡಿಸೆಂಬರಿನಲ್ಲಿ ಭೂಕಂಪದ ಕೇಂದ್ರಕ್ಕೆ ಅಷ್ಟು ಹತ್ತಿರವಿದ್ದರೂ ಆ ಇಡೀ ದ್ವೀಪದಲ್ಲಿ ಸತ್ತವರು ಬೆರಳೆಣಿಕೆಯಷ್ಟು. ಸೈರನ್ ಇರಲಿಲ್ಲ. ಕಥೆ ಇತ್ತು.

ಪ್ರಶ್ನೆ: ನಾಯಿಯನ್ನು ಬಿಟ್ಟು ಬನ್ನಿ ಎನ್ನುತ್ತಾರೆ ಸಂಬಂಧಿಕರು. ಹಾಗಾದರೆ ನಾನೂ ಬರುವುದಿಲ್ಲ ಎಂದೆ. ಮೂರ್ಖತನವೇ?

ಉತ್ತರ: ನಿಮ್ಮಂಥವರು ಬಹಳ ಜನ ಇದ್ದಾರೆ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಸಾಕುಪ್ರಾಣಿ ಬಿಟ್ಟು ಬರಲಾರೆವು ಎಂದು ಮನೆಯಲ್ಲೇ ಉಳಿದವರು ಎಷ್ಟಿದ್ದರೆಂದರೆ ಮರುವರ್ಷ ಅದಕ್ಕೊಂದು ಕಾನೂನೇ ಬಂತು, ಜನರನ್ನು ಸಾಗಿಸುವ ಯೋಜನೆಯಲ್ಲಿ ಪ್ರಾಣಿಗಳಿಗೂ ಜಾಗ ಇರಬೇಕು ಎಂದು. ಆದರೆ 'ನಾನೂ ಬರುವುದಿಲ್ಲ' ಎಂಬ ಮಾತು ಕೊನೆ ಗಳಿಗೆಯದ್ದಾಗಬಾರದು. ನಾಯಿ ಸಮೇತ ಎಲ್ಲಿಗೆ ಹೋಗಬಹುದು ಎಂದು ಇವತ್ತೇ ನಾಲ್ಕು ಕಡೆ ಕೇಳಿಟ್ಟುಕೊಳ್ಳಿ. ಮತ್ತೆ, ಕಟ್ಟಿಹಾಕಿ ಮಾತ್ರ ಬಿಟ್ಟು ಹೋಗಬೇಡಿ, ಯಾವ ಕಾರಣಕ್ಕೂ.

ಪ್ರಶ್ನೆ: ಕರೆಂಟ್ ಹೋದರೆ ಬಾಡಿಗೆ ಜನರೇಟರ್ ವರಾಂಡಾದಲ್ಲಿ ಇಟ್ಟುಕೊಳ್ಳಬಹುದೇ? ಫ್ರಿಜ್ಜಿನಲ್ಲಿ ಇರುವುದು ಎಷ್ಟು ಹೊತ್ತು ತಡೆಯುತ್ತದೆ?

ಉತ್ತರ: ವರಾಂಡಾ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ ವಾಸನೆಯೂ ಇಲ್ಲ, ಮಲಗಿದವರು ಏಳುವುದೇ ಇಲ್ಲ. ಹೊರಗೆ, ಕಿಟಕಿ ಬಾಗಿಲಿನಿಂದ ಕನಿಷ್ಠ 6 ಮೀಟರ್ ದೂರ. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಒಲೆ ಹಚ್ಚುವುದೂ ಅಷ್ಟೇ ಅಪಾಯ.

ಫ್ರಿಜ್ಜು ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24. ಮನೆ ಬಿಟ್ಟು ಹೋಗುವುದಾದರೆ ಒಂದು ಉಪಾಯ: ಲೋಟದಲ್ಲಿ ನೀರು ಗಟ್ಟಿ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟು ಹೋಗಿ. ವಾಪಸ್ ಬಂದಾಗ ನಾಣ್ಯ ಮೇಲೇ ಇದ್ದರೆ ಸರಿ. ತಳಕ್ಕೆ ಹೋಗಿ ಕೂತಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಎಲ್ಲ ಎಸೆಯಿರಿ.

ಪ್ರಶ್ನೆ: ನಮ್ಮ ಮನೆ ಇಳಿಜಾರಿನಲ್ಲಿದೆ. ನೆರೆ ಬರುವುದಿಲ್ಲ, ಹಾಗಾಗಿ ಮಳೆ ಎಚ್ಚರಿಕೆಗೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಉತ್ತರ: ಕೆಡಿಸಿಕೊಳ್ಳಿ. ನಿಮಗೆ ನೀರಿನ ಬದಲು ಗುಡ್ಡ ಬರುತ್ತದೆ. ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಕ್ಕಿಕೊಂಡರೆ, ಗೋಡೆಯಲ್ಲೋ ಅಂಗಳದಲ್ಲೋ ಹೊಸ ಬಿರುಕು ಕಂಡರೆ, ಒಣಗಿದ್ದ ಕಡೆ ನೀರು ಜಿನುಗಿದರೆ ಗಮನಿಸಿ. ಎಲ್ಲಕ್ಕಿಂತ ಮುಖ್ಯ, ಜೋರು ಮಳೆ ಸುರಿಯುತ್ತಿರುವಾಗಲೇ ಪಕ್ಕದ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ನೆಮ್ಮದಿ ಪಡಬೇಡಿ, ಮೇಲೆಲ್ಲೋ ಮಣ್ಣು ಕುಸಿದು ಕಟ್ಟೆ ಕಟ್ಟಿರಬಹುದು. ಅಂಥ ಹೊತ್ತಲ್ಲಿ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ.

ಪ್ರಶ್ನೆ: ಇಷ್ಟೆಲ್ಲ ಹೇಳುತ್ತೀರಲ್ಲ, ನೀವು ಯಾವತ್ತಾದರೂ ಹೀಗೆ ಕೂತಿದ್ದೀರಾ?

ಉತ್ತರ: ಕೂತಿದ್ದೇನೆ, ಒಂದು ರಾತ್ರಿ ಪೂರ್ತಿ. ಆಗ ನಾವು ಎರಡಂತಸ್ತಿನ ಮನೆಯ ಕೆಳಗಡೆ ಬಾಡಿಗೆಗಿದ್ದೆವು. ಬಾಗಿಲ ಮುಂದೆ ಐದು ಮೆಟ್ಟಿಲು. ಹೊಳೆ ಉಕ್ಕುತ್ತದೆ ಎಂದು ಸಂಜೆ ಮೈಕಿನಲ್ಲಿ ಹೇಳಿ ಹೋಗಿದ್ದರು. ಅಪ್ಪ ಜಗ್ಗಲಿಲ್ಲ. ಅಮ್ಮ ಜಗಳ ಮಾಡದೆ ಸೀಮೆಸುಣ್ಣ ತಂದು ಕೈಗೆ ಕೊಟ್ಟು 'ಎಲ್ಲಿಗೆ ಬಂದರೆ ಏಳೋಣ, ಗೆರೆ ಎಳೀರಿ' ಎಂದರು. ಅಪ್ಪ ಮೂರನೇ ಮೆಟ್ಟಿಲಿನ ಪಕ್ಕದ ಗೋಡೆ ಮೇಲೆ ಗೆರೆ ಎಳೆದರು. ಅಲ್ಲಿಗೆ ಎಲ್ಲಿ ಬರುತ್ತದೆ ಎಂಬ ಧೈರ್ಯ.

ಹದಿನೈದು ನಿಮಿಷಕ್ಕೊಮ್ಮೆ ಟಾರ್ಚು ಬಿಟ್ಟು ನೀರು ಎಲ್ಲಿದೆ ನೋಡಿ, ಅಲ್ಲೊಂದು ಸಣ್ಣ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆಯುವುದು ನನ್ನ ಕೆಲಸ. 12.15, 12.30, 12.45. ಮೊದಮೊದಲು ಗೆರೆಗಳ ನಡುವೆ ಒಂದು ಬೆರಳು ಅಂತರ. ಒಂದೂವರೆ ಹೊತ್ತಿಗೆ ನಾಲ್ಕು ಬೆರಳು. ಅದನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಆಯಿತು, ಏಕೆಂದರೆ ನೀರಿಗಿಂತ ಆ ಅಂತರ ಜಾಸ್ತಿ ಮಾತಾಡುತ್ತಿತ್ತು. ರಸ್ತೆಗೆ ಇಳಿಯುವ ಮಾತು ಅಷ್ಟರಲ್ಲಿ ಮುಗಿದಿತ್ತು: ಹರಿಯುವ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸುತ್ತದೆ, 30ಕ್ಕೆ ಸಣ್ಣ ಕಾರು ತೇಲುತ್ತದೆ. ಉಳಿದದ್ದು ಮಹಡಿ. ಅಮ್ಮ ನೀರು ಒಳಗೆ ಬರುವ ಮೊದಲೇ, ಒಣ ಕೈಯಲ್ಲಿ, ಮೇನ್ ಸ್ವಿಚ್ ಆರಿಸಿದರು. (ಒಂದು ಮಾತು: ಮೇಲಕ್ಕೆ ಹೋಗುವುದೆಂದರೆ ಕಿಟಕಿಯೂ ಇಲ್ಲದ, ಛಾವಣಿಗೆ ದಾರಿಯೂ ಇಲ್ಲದ ಅಟ್ಟಕ್ಕೆ ಹೋಗಬೇಡಿ. ಕತ್ರಿನಾದಲ್ಲಿ ನೀರಿನಿಂದ ತಪ್ಪಿಸಿಕೊಂಡು ಅಟ್ಟ ಹತ್ತಿದ ಕೆಲವರು ಅಲ್ಲೇ ಸಿಕ್ಕಿಬಿದ್ದು ಸತ್ತರು.)

2.20ಕ್ಕೆ ನೀರು ಅಪ್ಪನ ಗೆರೆ ಮುಟ್ಟಿತು. ಅಮ್ಮ ಏನೂ ಹೇಳಲಿಲ್ಲ, ಟಾರ್ಚನ್ನು ಗೆರೆಯ ಮೇಲೆ ಹಿಡಿದು ಸುಮ್ಮನೆ ನಿಂತರು. ಅಪ್ಪ ಒಂದು ಸಲ ಬಗ್ಗಿ ನೋಡಿದರು, ಎದ್ದರು, ಅಜ್ಜಿಯನ್ನು ಎತ್ತಿಕೊಂಡರು. ಒಳಗಿನ ಮೆಟ್ಟಿಲು ಹತ್ತಿ ಮೇಲಿನ ಮನೆಯವರ ಬಾಗಿಲು ಬಡಿದೆವು, ಅವರೂ ಮಲಗಿರಲಿಲ್ಲ. ಎಲ್ಲರೂ ಚಾಪೆ ಮೇಲೆ ಕೂತು ಉಸಿರು ಬಿಟ್ಟ ಮೇಲೆ ಅಪ್ಪ ನನ್ನ ಕಡೆ ತಿರುಗಿ ಕೇಳಿದರು: 'ಸೀಮೆಸುಣ್ಣ ತಂದ್ಯಾ?'